ಜಠರಾಗ್ನಿಯೂ ಉಣ್ಣುವವನ ಹೊಣೆಯೂ

ಮನುಷ್ಯನು ದಿನನಿತ್ಯ ಮಾಡುವ ಕಾರ್ಯಗಳಲ್ಲಿ ಊಟದಷ್ಟು ಪರಿಚಿತವಾದುದು ಮತ್ತೊಂದಿಲ್ಲ; ಅದರಷ್ಟು ವಿಚಾರವಿಲ್ಲದೆ ನಡೆದುಹೋಗುವ ಕಾರ್ಯವೂ ಮತ್ತೊಂದಿಲ್ಲ. ನುಡಿಯುವ ಮೊದಲು ನಾವು ಒಂದು ಕ್ಷಣ ಯೋಚಿಸುತ್ತೇವೆ, ಕೊಡುವ ಮೊದಲು ಎರಡು ಕ್ಷಣ ಯೋಚಿಸುತ್ತೇವೆ, ಆದರೆ ಉಣ್ಣುವ ಮೊದಲು ಯೋಚಿಸುವವರು ವಿರಳ. ಎಲೆಯ ಮುಂದೆ ಕುಳಿತವನಿಗೆ ಎಲೆಯೊಂದೇ ಕಾಣುತ್ತದೆ. ಆದುದರಿಂದ ಉಣ್ಣುವುದು ಕೇವಲ ದೇಹಕ್ಕೆ ಸಂಬಂಧಪಟ್ಟ ವ್ಯಾಪಾರವೋ, ಅಥವಾ ಧರ್ಮಾಧರ್ಮಗಳ ವಿವೇಚನೆಗೆ ಒಳಪಡತಕ್ಕ ಕಾರ್ಯವೋ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇನೆ.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳುಂಟು. ಮೊದಲನೆಯದು ವಿರಕ್ತಿಯ ಮಾತನಾಡುವವರದು. ಹೊಟ್ಟೆಯು ಕೀಳಾದುದು, ಹೊಟ್ಟೆಯ ಪಾಡನ್ನು ಚಿಂತಿಸುವುದು ಸಂಸಾರಿಯ ದೌರ್ಬಲ್ಯ, ಆತ್ಮವಿಚಾರ ಮಾಡತಕ್ಕವನಿಗೆ ಜಠರದ ಗೊಡವೆ ಏಕೆ ಎಂದು ಅವರು ಕೇಳುತ್ತಾರೆ. ಎರಡನೆಯದು ಭೋಗದ ಪಕ್ಷ. ನಾನು ದುಡಿದ ಹಣ, ನನ್ನ ಬಾಯಿ, ನನ್ನ ಹೊಟ್ಟೆ. ನಾನು ಏನು ತಿಂದರೆ ಯಾರಿಗೇನು ನಷ್ಟ ಎಂಬುದು ಅವರ ವಾದ. ಒಬ್ಬರು ಹೊಟ್ಟೆಯನ್ನು ತಿರಸ್ಕರಿಸುತ್ತಾರೆ, ಮತ್ತೊಬ್ಬರು ಅದನ್ನು ಪೂಜಿಸುತ್ತಾರೆ. ಆದರೆ ವಿಚಾರಿಸಿ ನೋಡಿದರೆ ಇಬ್ಬರೂ ಅದರ ಕೆಲಸವನ್ನು ಕಣ್ಣಿಟ್ಟು ನೋಡಿದವರಲ್ಲ. ಆದುದರಿಂದ ಮೊದಲು ಅದು ಮಾಡುವ ಕೆಲಸವನ್ನು ತಿಳಿಯೋಣ. ಅನಂತರ ನಮ್ಮ ಹೊಣೆ ಎಷ್ಟೆಂಬುದು ತಾನಾಗಿಯೇ ಗೊತ್ತಾಗುವುದು.

ಅನ್ನದ ಪಚನವು ಹೊಟ್ಟೆಯಲ್ಲಿ ಆರಂಭವಾಗುವುದಿಲ್ಲ, ಬಾಯಲ್ಲಿಯೇ ಆರಂಭವಾಗುತ್ತದೆ. ದಿನವೊಂದಕ್ಕೆ 1ರಿಂದ 1.5 ಲೀಟರಿನಷ್ಟು ಲಾಲಾರಸವು ಬಾಯಲ್ಲಿ ಒಸರುತ್ತದೆ. ಅದು ತುತ್ತನ್ನು ನೆನೆಸಿ ಮೆದುಮಾಡುವುದಲ್ಲದೆ ಧಾನ್ಯದೊಳಗಿನ ಪಿಷ್ಟವನ್ನು ಒಡೆದು ಸಕ್ಕರೆಯ ಕಡೆಗೆ ತಿರುಗಿಸುವ ಕೆಲಸವನ್ನೂ ಮಾಡುತ್ತದೆ. ಜೋಳದ ರೊಟ್ಟಿಯ ಒಂದು ತುಣುಕನ್ನು ಪಲ್ಯವಿಲ್ಲದೆ ಬಾಯಲ್ಲಿಟ್ಟು ಸಾವಕಾಶವಾಗಿ ಅಗಿದು ನೋಡಿದರೆ ಸ್ವಲ್ಪ ಹೊತ್ತಿನಲ್ಲಿ ಸಿಹಿಯಾಗುವುದು ಇದರಿಂದಲೇ. ಅಗಿದುದನ್ನು ನಾಲಗೆಯು ಗಂಟಲಿಗೆ ತಳ್ಳುತ್ತದೆ. ಅಲ್ಲಿಂದ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ತುತ್ತನ್ನು ಕೆಲವೇ ಕ್ಷಣಗಳಲ್ಲಿ ಜಠರಕ್ಕೆ ಇಳಿಸುತ್ತದೆ.

ಇಲ್ಲಿ ಒಂದು ವಿಷಯವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಕೈ ನಮ್ಮ ಮಾತನ್ನು ಕೇಳುತ್ತದೆ, ಹಲ್ಲು ಕೇಳುತ್ತದೆ, ನಾಲಗೆಯೂ ಕೇಳುತ್ತದೆ. ಆದರೆ ತುತ್ತು ಗಂಟಲನ್ನು ದಾಟಿತೆಂದರೆ ನಮ್ಮ ಅಧಿಕಾರ ಮುಗಿಯಿತು. ಆಮೇಲೆ ಎಂತಹ ಪಂಡಿತನಾದರೂ, ಎಂತಹ ಅರಸನಾದರೂ, ತನ್ನ ಹೊಟ್ಟೆಗೆ "ಬೇಗ ಅರೆ" ಎಂದಾಗಲಿ "ಸ್ವಲ್ಪ ತಡೆ" ಎಂದಾಗಲಿ ಆಜ್ಞೆ ಮಾಡಲಾರನು. ಆ ಗಡಿಯಿಂದಾಚೆಗೆ ನಡೆಯುವ ಕೆಲಸವು ನಾವು ನಿದ್ರಿಸುತ್ತಿರಲಿ, ಕಲಹ ಮಾಡುತ್ತಿರಲಿ, ಧ್ಯಾನದಲ್ಲಿರಲಿ, ನಮ್ಮನ್ನು ಕೇಳದೆಯೇ ನಡೆಯುತ್ತದೆ. ಪ್ರಾಣಿಗಳ ದೇಹದಲ್ಲಿದ್ದು ಅನ್ನವನ್ನು ಪಚನಗೊಳಿಸುವ ಅಗ್ನಿಗೆ ಗೀತೆಯು ವೈಶ್ವಾನರನೆಂದು ಹೆಸರಿಟ್ಟು ಅದನ್ನು ಭಗವಂತನ ಸ್ವರೂಪವೆಂದೇ ಹೇಳಿರುವುದು ಈ ಕಾರಣಕ್ಕಾಗಿಯೇ ಇರಬೇಕು. ನಮ್ಮೊಳಗೆ ಇದ್ದೂ ನಮ್ಮದಲ್ಲದ ಒಂದು ಸೇವೆ ಅದು.

ಇನ್ನು ಜಠರದ ಕಾರ್ಯ. ಬರಿದಾದಾಗ ಅದು ಮುದುಡಿದ ಸಣ್ಣ ಚೀಲ. ಅನ್ನ ಬಂದಂತೆ ಮೇಲಿನ ಭಾಗವು ಸಡಿಲಗೊಂಡು ಸುಮಾರು 1ರಿಂದ 1.5 ಲೀಟರಿನಷ್ಟನ್ನು ಸುಖವಾಗಿ ಹಿಡಿಯುತ್ತದೆ. ಬಲವಂತ ಮಾಡಿದರೆ ಇನ್ನೂ ಹಿಗ್ಗುತ್ತದೆ. ಆದರೆ ಹಿಗ್ಗಬಲ್ಲದೆಂಬುದು ಹಿಗ್ಗಿಸಬೇಕೆಂಬುದಕ್ಕೆ ಪ್ರಮಾಣವಲ್ಲ. ಅದರ ಗೋಡೆಯಲ್ಲಿನ ಗ್ರಂಥಿಗಳು ದಿನಕ್ಕೆ 2ರಿಂದ 3 ಲೀಟರಿನಷ್ಟು ಜಠರರಸವನ್ನು ಸುರಿಸುತ್ತವೆ. ಅದರಲ್ಲಿ ತೀಕ್ಷ್ಣವಾದ ಹೈಡ್ರೋಕ್ಲೋರಿಕ್ ಆಮ್ಲವುಂಟು; ಇದನ್ನು 1824ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟನು ಪ್ರಕಟಪಡಿಸಿದನು. ಬೇಳೆಕಾಳು, ಹಾಲು ಮೊದಲಾದವುಗಳಲ್ಲಿರುವ ಸಸಾರಜನಕವನ್ನು ಒಡೆಯುವ ಪೆಪ್ಸಿನ್ ಎಂಬ ಪಾಚಕವಸ್ತುವೂ ಉಂಟು. ಇದನ್ನು 1836ರಲ್ಲಿ ಜರ್ಮನಿಯ ಥಿಯೊಡೋರ್ ಶ್ವಾನನು ಗುರುತಿಸಿದನು. ಕೆಳಭಾಗದ ಸ್ನಾಯುಗಳು ನಿಮಿಷಕ್ಕೆ ಸುಮಾರು 3 ಅಲೆಗಳಂತೆ ಹಿಂಡುತ್ತ ಕಲಸುತ್ತ ಅನ್ನವನ್ನು ಗಂಜಿಯಂತೆ ತೆಳ್ಳಗೆ ಮಾಡುತ್ತವೆ. ಸಾಧಾರಣವಾದ ಒಂದು ಊಟವು ಜಠರವನ್ನು ದಾಟಲು 2ರಿಂದ 5 ಗಂಟೆಗಳು ಬೇಕು. ಎಣ್ಣೆ ತುಪ್ಪಗಳು ಹೆಚ್ಚಿದ್ದರೆ ಇನ್ನೂ ತಡವಾಗುತ್ತದೆ.

ಇಷ್ಟು ತೀಕ್ಷ್ಣವಾದ ಆಮ್ಲವನ್ನು ತನ್ನೊಳಗೆ ಇಟ್ಟುಕೊಂಡು ಜಠರವು ತಾನೇ ಕರಗಿಹೋಗದಿರುವುದು ಹೇಗೆ? ಅದರ ಒಳಗೋಡೆಯನ್ನು ಲೋಳೆಯ ಪದರವೊಂದು ಸದಾ ಕಾಯುತ್ತಿರುತ್ತದೆ. ಆ ಗೋಡೆಯ ಮೇಲ್ಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹಳೆಯವು ಹೋಗಿ ಹೊಸವು ಬರುತ್ತವೆ. ಬೆಂಕಿಯನ್ನು ಮಡಿಲಲ್ಲಿಟ್ಟುಕೊಂಡವನಿಗೆ ತಂಪಾದ ಹೊದಿಕೆ ಬೇಕೆಂಬ ನ್ಯಾಯವನ್ನು ಪ್ರಕೃತಿಯು ಇಲ್ಲಿ ಪಾಲಿಸಿದೆ. ಆ ಹೊದಿಕೆ ಹರಿದಲ್ಲಿ ಹುಣ್ಣಾಗುತ್ತದೆ.

ಮತ್ತೊಂದು ಸಂಗತಿ ಇದಕ್ಕಿಂತಲೂ ಸ್ವಾರಸ್ಯವಾದುದು. ಇಷ್ಟೆಲ್ಲ ದುಡಿಯುವ ಜಠರವು ಅನ್ನದ ಸಾರದಲ್ಲಿ ತಾನು ಹೀರಿಕೊಳ್ಳುವುದು ಬಹು ಸ್ವಲ್ಪ. ಅರೆದು ಹದಮಾಡಿದುದನ್ನು ತನ್ನ ಕೊನೆಯ ಬಾಗಿಲಿನಿಂದ ಸ್ವಲ್ಪಸ್ವಲ್ಪವಾಗಿ, ಕರುಳು ತಾಳುವಷ್ಟೇ ಅಳತೆಯಲ್ಲಿ, ಮುಂದಕ್ಕೆ ಕಳುಹಿಸುತ್ತದೆ. ಸಾರವು ಹೀರಲ್ಪಡುವುದು ಬಹುಮಟ್ಟಿಗೆ ಸಣ್ಣ ಕರುಳಿನಲ್ಲಿ. ಅಲ್ಲಿಂದ ರಕ್ತದ ಮೂಲಕ ಕಣ್ಣಿಗೆ, ಕೈಗೆ, ಮೆದುಳಿಗೆ, ಸರ್ವಾಂಗಕ್ಕೆ. ಕಾಯಕ ಮಾಡಿ ಬಂದುದನ್ನು ತನ್ನಲ್ಲಿ ಕೂಡಿಟ್ಟುಕೊಳ್ಳದೆ ದಾಸೋಹಕ್ಕೆ ಸಲ್ಲಿಸುವವನ ಜೀವನಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತವನ್ನು ನಾನು ಕಾಣೆ. ಹೊಟ್ಟೆಯು ಕೀಳೆಂದವರು ಇದನ್ನು ಚಿಂತಿಸಬೇಕು. "ಹೊಟ್ಟೆಬಾಕ" ಎಂಬ ಬೈಗಳಲ್ಲಿ ನಾವು ಹೊಟ್ಟೆಯ ಮೇಲೆ ಹೊರಿಸುವ ದೋಷವು ವಾಸ್ತವವಾಗಿ ನಾಲಗೆಯದು. ಸಾಕೆನ್ನುವುದು ಹೊಟ್ಟೆ, ಇನ್ನಷ್ಟೆನ್ನುವುದು ನಾಲಗೆ.

ಈ ಜ್ಞಾನವು ಲೋಕಕ್ಕೆ ದೊರೆತ ಬಗೆಯಲ್ಲಿಯೂ ಒಂದು ಧರ್ಮಪ್ರಶ್ನೆ ಅಡಗಿದೆ. ಅದನ್ನು ಇಲ್ಲಿ ಹೇಳದೆ ಬಿಡಲಾರೆ. 1822ರ ಜೂನ್ 6ರಂದು ಉತ್ತರ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪುಳು ಚರ್ಮದ ವ್ಯಾಪಾರ ಮಾಡುತ್ತಿದ್ದ ಒಂದು ಮಳಿಗೆಯಲ್ಲಿ, ಅಕಸ್ಮಾತ್ತಾಗಿ ಕೋವಿ ಹಾರಿತು. ಹತ್ತಿರದಲ್ಲಿಯೇ ನಿಂತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾ ದೇಶದ ಬಡ ಕೂಲಿಯುವಕನ ಎಡಪಕ್ಕೆಯು ಒಡೆದು ಜಠರಕ್ಕೆ ತೂತಾಯಿತು. ಸೇನೆಯ ವೈದ್ಯನಾಗಿದ್ದ ವಿಲಿಯಂ ಬ್ಯೂಮಾಂಟನು ಅವನಿಗೆ ಶುಶ್ರೂಷೆ ಮಾಡಿದನು. ಬದುಕುವನೆಂಬ ಆಸೆ ಯಾರಿಗೂ ಇರಲಿಲ್ಲ, ಆದರೂ ಬದುಕಿದನು. ಗಾಯವು ಮಾಯಿತು, ತೂತು ಮಾತ್ರ ಮುಚ್ಚಲಿಲ್ಲ. ಹೊರಗಿನಿಂದ ಜಠರದೊಳಗೆ ನೋಡಬಹುದಾದ ಒಂದು ಕಿಂಡಿಯೇ ಅವನ ಮೈಯಲ್ಲಿ ಉಳಿಯಿತು.

ವೈದ್ಯನು ಅವನನ್ನು ತನ್ನ ಮನೆಯಲ್ಲಿಟ್ಟುಕೊಂಡು ಕೆಲಸಕ್ಕೂ ಹಚ್ಚಿದನು. 1825ರ ಆಗಸ್ಟ್ 1ರಂದು ಮೊದಲುಗೊಂಡು ಅವನ ಜಠರದ ಮೇಲೆ ಪರೀಕ್ಷೆಗಳನ್ನು ನಡೆಸತೊಡಗಿದನು. ಕೋಸು, ಒಣ ರೊಟ್ಟಿ, ಮಾಂಸ ಮೊದಲಾದವುಗಳ ಚೂರುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಕಿಂಡಿಯಿಂದ ಒಳಗಿಳಿಸಿ, ಗಂಟೆಗೊಮ್ಮೆ ಎಳೆದು, ಯಾವುದು ಎಷ್ಟು ಕರಗಿತೆಂದು ನೋಡುತ್ತಿದ್ದನು. ಹೊಟ್ಟೆಯ ರಸವನ್ನು ಪಾತ್ರೆಯಲ್ಲಿ ಹಿಡಿದು ಹೊರಗೆಯೂ ಅದು ಅನ್ನವನ್ನು ಕರಗಿಸುವುದನ್ನು ಕಂಡನು. ಪಚನವೆಂಬುದು ಬರಿಯ ಅರೆಯುವಿಕೆಯೂ ಅಲ್ಲ, ಕೊಳೆಯುವಿಕೆಯೂ ಅಲ್ಲ, ರಸದ ಕ್ರಿಯೆ ಎಂಬುದು ಇದರಿಂದ ಸ್ಥಿರಪಟ್ಟಿತು. ಸೇಂಟ್ ಮಾರ್ಟಿನನು ಕೋಪಗೊಂಡಾಗ ಜಠರದ ಸ್ಥಿತಿ ಕೆಡುವುದನ್ನೂ ವೈದ್ಯನು ಬರೆದಿಟ್ಟನು. 238 ಪರೀಕ್ಷೆಗಳ ವಿವರಗಳುಳ್ಳ ಅವನ ಗ್ರಂಥವು 1833ರಲ್ಲಿ ಅಚ್ಚಾಯಿತು. ಅವನ ಕೀರ್ತಿಯು ದೇಶಾಂತರಗಳಿಗೆ ಹಬ್ಬಿತು.

ಆದರೆ ಆ ಕೂಲಿಯವನ ಪಾಲೇನು? ಅವನು ಒಮ್ಮೆ ಹೇಳದೆ ತನ್ನ ದೇಶಕ್ಕೆ ಹೊರಟುಹೋದನು. ಬಡತನವು ಮತ್ತೆ ಕರೆತಂದಿತು. 1832ರಲ್ಲಿ ವರ್ಷಕ್ಕೆ 150 ಡಾಲರುಗಳ ಕೂಲಿಗೆ ತನ್ನ ಹೊಟ್ಟೆಯನ್ನು ಪರೀಕ್ಷೆಗೆ ಒಪ್ಪಿಸುವ ಕರಾರುಪತ್ರವಾಯಿತು. ಕೊನೆಗೆ ಎಷ್ಟು ಕರೆದರೂ ಅವನು ವೈದ್ಯನ ಬಳಿಗೆ ಮರಳಲಿಲ್ಲ. ವೈದ್ಯನು 1853ರಲ್ಲಿ ತೀರಿಕೊಂಡನು. ತೂತುಹೊಟ್ಟೆಯ ಕೂಲಿಯು 1880ರವರೆಗೆ ಬದುಕಿದ್ದನು. ಅವನು ಸತ್ತಾಗ ದೇಹವು ವೈದ್ಯರ ಕೈಗೆ ಸಿಕ್ಕಬಾರದೆಂದು ಮನೆಯವರು ಅದು ಕೆಡುವವರೆಗೆ ಕಾದು, ಆಳವಾದ ಕುಣಿಯಲ್ಲಿ ಹೂಳಿದರು. ಅವರ ಮನಸ್ಸು ಎಷ್ಟು ನೊಂದಿದ್ದಿರಬೇಕು! ವೈದ್ಯನು ಅವನ ಪ್ರಾಣವನ್ನು ಉಳಿಸಿದನೆಂಬುದು ನಿಜ. ಆ ಉಪಕಾರವನ್ನೇ ಸಾಲವೆಂದು ಬರೆದುಕೊಂಡು ಅವನ ದೇಹವನ್ನು ಸಾಧನವಾಗಿ ಬಳಸಿದನೆಂಬುದೂ ನಿಜ. ಇಂದು ನಾವು ಪಚನದ ವಿಷಯದಲ್ಲಿ ಒಂದು ಮಾತು ಹೇಳುವಾಗಲೂ ಆ ಬಡವನ ಋಣದಲ್ಲಿದ್ದೇವೆ. "ನನ್ನ ಹೊಟ್ಟೆ ನನ್ನದು" ಎನ್ನುವವನಿಗೆ ಇದು ಮೊದಲ ಉತ್ತರ: ಹೊಟ್ಟೆಯ ಬಗೆಗಿನ ನಮ್ಮ ಜ್ಞಾನವೇ ಪರರ ನೋವಿನಿಂದ ಬಂದುದು.

ಎರಡನೆಯ ಉತ್ತರವು ಎಲೆಯಲ್ಲಿಯೇ ಇದೆ. ಬಡಿಸಿದ ಅನ್ನದ ಹಿಂದೆ ಉತ್ತವನು, ಕಳೆ ಕಿತ್ತವಳು, ಹೊತ್ತವನು, ಬೀಸಿದವಳು, ಬೇಯಿಸಿದವಳು ಇದ್ದಾರೆ. ಮಳೆ ಬಿಸಿಲುಗಳನ್ನು ಕೊಟ್ಟವನಂತೂ ಇದ್ದೇ ಇದ್ದಾನೆ. ಹಣ ಕೊಟ್ಟ ಮಾತ್ರಕ್ಕೆ ಇವರೆಲ್ಲರ ಋಣ ಹರಿಯಿತೆನ್ನಲು ಬಾರದು. ಆದುದರಿಂದಲೇ ಶರಣರು ಪದಾರ್ಥವನ್ನು ಹಾಗೆಯೇ ಭೋಗಿಸದೆ ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವುದನ್ನು ಕಲಿಸಿದರು. ಅರ್ಪಣವೆಂದರೆ ಒಂದು ಕ್ಷಣ ಕೈ ತಡೆಯುವುದು; ಇದು ನನ್ನದಲ್ಲವೆಂದು ನೆನೆಯುವುದು. ನನ್ನದಲ್ಲವೆಂದು ತಿಳಿದವನು ಮಿತಿ ಮೀರಿ ತಿನ್ನಲಾರನು, ಎಲೆಯಲ್ಲಿ ಚೆಲ್ಲಲಾರನು. ಪ್ರಸಾದವನ್ನು ಬಿಡಬಾರದೆಂಬ ನಿಯಮವುಂಟಷ್ಟೆ. ಅದರ ತಾತ್ಪರ್ಯವು ಬೇಡವಾದುದನ್ನು ಹೊಟ್ಟೆಗೆ ತುರುಕಬೇಕೆಂಬುದಲ್ಲ, ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂಬುದು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ತಂದಾಗ, ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಇದನ್ನು ನಾವು ಆಸೆಯ ನಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುತ್ತೇವೆ, ಅದು ಸರಿಯೆ. ಆದರೆ ಅಳತೆಯು ಅವಳಿಗೆ ಎಲ್ಲಿ ತಿಳಿದಿತ್ತು? ಮನೆಯ ಮಡಕೆಯಲ್ಲಿ ಮತ್ತು ಉಣ್ಣುವವರ ಹೊಟ್ಟೆಯಲ್ಲಿ. ಹೊಟ್ಟೆಯ ಅಳತೆಯನ್ನು ಬಲ್ಲವಳಿಗೆ ಅಂಗಳದ ಅಳತೆಯೂ ತಿಳಿಯಿತು. ಆ ಅಳತೆಯನ್ನು ಮರೆತವನಿಗೆ ಕಣಜವೂ ಸಾಲದು.

ಹಾಗಾದರೆ ನಮ್ಮ ಹೊಣೆ ಎಷ್ಟು? ನುಂಗಿದ ಮೇಲೆ ನಮ್ಮ ಅಧಿಕಾರವಿಲ್ಲವೆಂದು ಕಂಡೆವು. ಅಧಿಕಾರವಿಲ್ಲದಲ್ಲಿ ಹೊಣೆಯೂ ಇಲ್ಲ. ಅಧಿಕಾರವಿರುವಲ್ಲಿ ಹೊಣೆ ತಪ್ಪದು. ಆದುದರಿಂದ ಎಲೆಯಿಂದ ಗಂಟಲಿನವರೆಗಿನ ಆ ಗೇಣುದ್ದದ ದಾರಿಯೇ ನಮ್ಮ ಧರ್ಮಕ್ಷೇತ್ರ. ಏನನ್ನು, ಎಷ್ಟನ್ನು, ಯಾವಾಗ, ಹೇಗೆ, ಎಂತಹ ಮನಸ್ಸಿನಿಂದ, ಯಾರೊಡನೆ ಉಣ್ಣಬೇಕೆಂಬುದೆಲ್ಲ ಅಲ್ಲಿಯೇ ನಿಶ್ಚಯವಾಗತಕ್ಕದ್ದು.

ಮೊದಲು ಕಾಲ. ಹಸಿದಾಗ ಉಣ್ಣಬೇಕು, ಹಸಿವಿಲ್ಲದೆ ಉಣ್ಣಬಾರದು. ಬರಿದಾದ ಜಠರ ಮತ್ತು ಕರುಳುಗಳಲ್ಲಿ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಅಲೆಗಳೆದ್ದು, ಉಳಿದ ಕಸರನ್ನು ಮುಂದಕ್ಕೆ ಗುಡಿಸುತ್ತವೆ. ಹಸಿದ ಹೊಟ್ಟೆಯ ಗುಡುಗುಡು ಶಬ್ದವು ಆ ಪೊರಕೆಯ ಸಪ್ಪಳ. ಗಳಿಗೆಗೊಮ್ಮೆ ಚುರುಮುರಿ, ಚಕ್ಕುಲಿ, ಬಿಸ್ಕತ್ತು, ಚಹವೆಂದು ಬಾಯಾಡಿಸುವವನ ಮನೆಯಲ್ಲಿ ಗುಡಿಸುವುದಕ್ಕೆ ಬಿಡುವೇ ಇಲ್ಲ. ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಬೇಕು. ಉಂಡೊಡನೆ ಮಲಗಿದರೆ ಆಮ್ಲವು ಅನ್ನನಾಳಕ್ಕೆ ಏರಿ ಎದೆಯುರಿಯಾಗುತ್ತದೆ.

ಅನಂತರ ಪ್ರಮಾಣ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಎರಡನ್ನು ಅನ್ನದಿಂದಲೂ ಒಂದನ್ನು ದ್ರವದಿಂದಲೂ ತುಂಬಿ, ನಾಲ್ಕನೆಯದನ್ನು ವಾಯುವಿನ ಸಂಚಾರಕ್ಕೆ ಬಿಡಬೇಕೆಂಬುದು ಅಷ್ಟಾಂಗಹೃದಯದ ವಿಧಿ. ಬೀಸುವ ಕಲ್ಲಿಗೆ ಒಮ್ಮೆಲೇ ಬೊಗಸೆ ತುಂಬ ಕಾಳು ಸುರಿದರೆ ಅದು ತಿರುಗದೆಂಬುದು ನಮ್ಮ ತಾಯಂದಿರಿಗೆ ಗೊತ್ತು. ಜಠರಕ್ಕೂ ತಿರುಗಲು ಎಡೆ ಬೇಕು. ಇನ್ನೊಂದು ಮಾತು. ಹೊಟ್ಟೆ ತುಂಬಿತೆಂಬ ಸುದ್ದಿಯು ಪೂರ್ತಿಯಾಗಿ ಮನಸ್ಸಿಗೆ ಮುಟ್ಟಲು ಸುಮಾರು 20 ನಿಮಿಷಗಳು ಬೇಕು. ಅವಸರದಲ್ಲಿ ಉಣ್ಣುವವನು ಸುದ್ದಿ ಬರುವ ಮೊದಲೇ ಎರಡು ರೊಟ್ಟಿ ಹೆಚ್ಚು ತಿಂದಿರುತ್ತಾನೆ. ಪ್ರಸಾದನಿಲಯದ ಪಂಕ್ತಿಯಲ್ಲಿ ಗಂಟೆಯ ಭಯದಿಂದ ಗಬಗಬನೆ ಉಂಡೇಳುವ ಬಾಲಕರನ್ನು ಕಂಡಾಗಲೆಲ್ಲ, ಗಂಟೆಯು ಸ್ವಲ್ಪ ತಡವಾಗಿ ಬಾರಿಸಲಿ ಎಂದು ನನಗೆ ಅನಿಸುವುದುಂಟು.

ಚೆನ್ನಾಗಿ ಅಗಿದು ಉಣ್ಣಬೇಕೆಂದೊಡನೆ ದಕ್ಷಿಣದ ಬಂಧುಗಳು, "ಹಾಗಾದರೆ ರಾಗಿಮುದ್ದೆಯ ಗತಿಯೇನು?" ಎಂದು ಕೇಳಬಹುದು. ಮುದ್ದೆಯನ್ನು ಸಾರಿನಲ್ಲದ್ದಿ ನುಂಗುವುದೇ ವಾಡಿಕೆ. ಅದು ಹಿಟ್ಟಾಗಿ ಬೀಸಲ್ಪಟ್ಟು, ನೀರಿನಲ್ಲಿ ಬೆಂದು, ಕೋಲಿನಿಂದ ತಿರುವಲ್ಪಟ್ಟು ಮೆದುವಾದ ಆಹಾರ. ಹಲ್ಲು ಮಾಡಬೇಕಾದ ಕೆಲಸದ ಬಹುಭಾಗವನ್ನು ಕಲ್ಲು ಮತ್ತು ಕೋಲು ಮಾಡಿರುತ್ತವೆ. ಉಳಿದುದನ್ನು ಜಠರವೂ, ಮುಂದೆ ಮೇದೋಜೀರಕ ಗ್ರಂಥಿಯ ರಸವೂ ಪೂರೈಸುತ್ತವೆ. ಆದರೆ ಅದರ ಜೊತೆಯ ಕಾಳನ್ನೂ ಸೊಪ್ಪನ್ನೂ ಅಗಿಯಲೇಬೇಕು. ನಿಯಮವು ಹಲ್ಲಿಗಾಗಿ ಹುಟ್ಟಿದುದಲ್ಲ, ಹೊಟ್ಟೆಯ ಹೊರೆಯನ್ನು ಇಳಿಸುವುದಕ್ಕಾಗಿ ಹುಟ್ಟಿದುದು.

ಮೂರನೆಯದು ಮನಸ್ಸು. ಅನ್ನದ ನೋಟ ವಾಸನೆಗಳಿಂದಲೇ ಜಠರರಸವು ಒಸರತೊಡಗುವುದನ್ನು ರಷ್ಯಾದೇಶದ ಇವಾನ್ ಪಾವ್ಲೋವನು ತೋರಿಸಿದನು. ಪಚನದ ಕುರಿತಾದ ಅವನ ಶೋಧನೆಗಳಿಗೆ 1904ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೀಗಿರುವಾಗ ಉಣ್ಣುವ ಹೊತ್ತಿನಲ್ಲಿ ಮಕ್ಕಳ ತಪ್ಪುಗಳನ್ನು ಎತ್ತಿ ಆಡುವುದು, ಸೊಸೆಯ ಅಡಿಗೆಯನ್ನು ಹಳಿಯುವುದು, ಜಮೀನಿನ ವ್ಯಾಜ್ಯವನ್ನು ತೆಗೆಯುವುದು ಎಷ್ಟು ಅನುಚಿತ! ಮಗುವು ಕಣ್ಣೀರಿನೊಡನೆ ನುಂಗಿದ ತುತ್ತು ಅದರ ಹೊಟ್ಟೆಗೆ ಭಾರ, ಬೈದವನ ಆತ್ಮಕ್ಕೂ ಭಾರ. ಪಂಕ್ತಿಯಲ್ಲಿ ಮೌನವನ್ನೂ ಸ್ಮರಣೆಯನ್ನೂ ವಿಧಿಸಿದ ಹಿರಿಯರು ಹೊಟ್ಟೆಯ ಮರ್ಮವನ್ನು ತಿಳಿದವರೇ ಆಗಿದ್ದರು.

ಮದುವೆ ಜಾತ್ರೆಗಳಲ್ಲಿ ನಡೆಯುವ ಒತ್ತಾಯದ ವಿಷಯವನ್ನೂ ಇಲ್ಲಿ ಹೇಳಬೇಕು. ಸಾಕೆಂದು ಕೈ ಅಡ್ಡ ಹಿಡಿದವನ ಕೈಯನ್ನು ಸರಿಸಿ ಹೋಳಿಗೆ ಹಾಕುವುದನ್ನು ನಾವು ಪ್ರೀತಿಯೆನ್ನುತ್ತೇವೆ. ಅವನು ತಿಂದರೆ ಹೊಟ್ಟೆಗೆ ಹಿಂಸೆ, ಬಿಟ್ಟರೆ ಅನ್ನಕ್ಕೆ ಅವಮಾನ. ಎರಡರ ದೋಷವೂ ಬಡಿಸಿದವನದೇ. ಕೇಳಿ ಬಡಿಸುವುದು ಉಪಚಾರ. ಕೇಳದೆ ಸುರಿಯುವುದು ಪ್ರದರ್ಶನ. ಉಪವಾಸವನ್ನೂ ಹೀಗೆಯೇ ಪರೀಕ್ಷಿಸಬೇಕು. ಶಿವರಾತ್ರಿಯ ದಿನ ಅನ್ನವನ್ನು ಬಿಟ್ಟು ಎಣ್ಣೆಯಲ್ಲಿ ಕರಿದುದನ್ನು ಹೊಟ್ಟೆ ಬಿರಿಯುವಂತೆ ತಿಂದರೆ ಜಠರಕ್ಕೆ ಬಿಡುವಾಗಲಿಲ್ಲ, ಮನಸ್ಸಿಗೆ ನಿಗ್ರಹವಾಗಲಿಲ್ಲ. ಬಸುರಿಯರು, ಸಕ್ಕರೆ ರೋಗದವರು, ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಮಾಡತಕ್ಕದ್ದಲ್ಲ. ಶಿವನು ಅವರ ಸಂಕಟವನ್ನು ಬಯಸುವವನಲ್ಲ.

ಈಗ ಒಂದು ತೊಡಕಾದ ಪ್ರಶ್ನೆ. "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲ ಆಡುತ್ತೇವೆ. ಹಾಗಾದರೆ ರೋಗ ಬಂದವನೆಲ್ಲ ಊಟವನ್ನು ಅರಿಯದವನೆ? ಹೊಟ್ಟೆಹುಣ್ಣಿನಿಂದ ನರಳುವವನನ್ನು ಕಂಡು, ಸಿಟ್ಟು ಮಾಡಿಕೊಂಡ, ಖಾರ ತಿಂದ, ಅನುಭವಿಸಲಿ ಎನ್ನುವವರುಂಟು. ಬಹುಕಾಲ ವೈದ್ಯರೂ ಚಿಂತೆ, ಸ್ವಭಾವ, ಆಹಾರಗಳನ್ನೇ ಮುಖ್ಯ ಕಾರಣವೆಂದು ತಿಳಿದಿದ್ದರು. ಆದರೆ 1982ರಲ್ಲಿ ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದ ಲೋಳೆಯಲ್ಲಿ ವಾಸಿಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿದರು. ಜನರು ನಂಬದಿರಲು, 1984ರಲ್ಲಿ ಮಾರ್ಷಲ್ಲನು ಆ ಜೀವಿಗಳಿದ್ದ ದ್ರವವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡನು. 2005ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಜಠರ ಮತ್ತು ಸಣ್ಣ ಕರುಳಿನ ಹುಣ್ಣುಗಳಿಗೆ ಈ ಜೀವಿಯೂ, ನೋವಿಗಾಗಿ ನುಂಗುವ ಕೆಲವು ಗುಳಿಗೆಗಳೂ ಮುಖ್ಯ ಕಾರಣಗಳೆಂದು ಈಗ ಸಿದ್ಧವಾಗಿದೆ. ಒಬ್ಬ ವೈದ್ಯನು ಪರರ ಹೊಟ್ಟೆಯನ್ನು ಪರೀಕ್ಷೆಗೆ ಹಿಡಿದನು, ಮತ್ತೊಬ್ಬನು ತನ್ನ ಹೊಟ್ಟೆಯನ್ನೇ ಒಡ್ಡಿದನು. ಈ ಅಂತರವನ್ನು ವಾಚಕರು ತಾವೇ ತೂಗಿ ನೋಡಲಿ.

ಈ ಸೂಕ್ಷ್ಮಜೀವಿಯು ಬಹುಮಟ್ಟಿಗೆ ಬಾಲ್ಯದಲ್ಲಿಯೇ, ಇಕ್ಕಟ್ಟಾದ ಮನೆಗಳಲ್ಲಿ, ಶುದ್ಧ ನೀರಿನ ಕೊರತೆಯಿರುವಲ್ಲಿ ಒಬ್ಬರಿಂದೊಬ್ಬರಿಗೆ ಅಂಟುತ್ತದೆ. ಅಂದಮೇಲೆ ರೋಗಿಯ ನಡತೆಯನ್ನು ದೂಷಿಸುವುದು ಅನ್ಯಾಯ. ಗಾದೆಯು ಉಣ್ಣುವವನಿಗೆ ಬುದ್ಧಿ ಹೇಳುವುದಕ್ಕಾಗಿ ಇರುವುದು, ನರಳುವವನನ್ನು ಜರೆಯುವುದಕ್ಕಾಗಿ ಅಲ್ಲ. ನನಗೆ ನಾನು ಹೇಳಿಕೊಂಡರೆ ಅದು ನೀತಿ, ರೋಗಿಯ ತಲೆಯ ಮೇಲೆ ಎಸೆದರೆ ಅದು ಕ್ರೌರ್ಯ. ಇಂತಹ ಹುಣ್ಣಿಗೆ ಪಥ್ಯಕ್ಕಿಂತ ಮೊದಲು ಬೇಕಾದುದು ಪರೀಕ್ಷೆ ಮತ್ತು ವೈದ್ಯರು ಹೇಳಿದಷ್ಟು ದಿನ ಬಿಡದೆ ಔಷಧ. ಹೊಟ್ಟೆನೋವು ಬಹುದಿನ ನಿಲ್ಲದಿದ್ದರೆ, ನುಂಗಲು ತೊಡಕಾದರೆ, ಕಾರಣವಿಲ್ಲದೆ ಮೈ ಇಳಿದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲವು ಡಾಂಬರಿನಂತೆ ಕಪ್ಪಾದರೆ, ಕಷಾಯ ಕುಡಿಯುತ್ತ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿನ ಗುಳಿಗೆಗಳನ್ನಾಗಲಿ, ಎದೆಯುರಿಯ ಗುಳಿಗೆಗಳನ್ನಾಗಲಿ ಕೇಳುವವರಿಲ್ಲದೆ ತಿಂಗಳುಗಟ್ಟಲೆ ನುಂಗಬಾರದು. ತಂಬಾಕು ಮದ್ಯಗಳು ಜಠರಕ್ಕೆ ವೈರಿಗಳೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಉಣ್ಣುವ ಮೊದಲು ಕೈ ತೊಳೆಯುವುದು, ಕುಡಿಯುವ ನೀರನ್ನು ಶುದ್ಧವಾಗಿಡುವುದು ಜಠರಕ್ಕೆ ನಾವು ಸಲ್ಲಿಸುವ ಮೊದಲ ಸೇವೆ.

ಕೊನೆಯದಾಗಿ, ಯಾರೊಡನೆ ಉಣ್ಣುತ್ತೇವೆ ಎಂಬ ಪ್ರಶ್ನೆ. ನಮ್ಮ ಅನೇಕ ಮನೆಗಳಲ್ಲಿ ಎಲ್ಲರಿಗೂ ಬಿಸಿಯಾಗಿ ಬಡಿಸಿದ ಗೃಹಿಣಿಯು ತಾನು ಮಾತ್ರ ರಾತ್ರಿ ಹತ್ತರ ಮೇಲೆ ಆರಿದ ಅನ್ನವನ್ನೂ ತಳದಲ್ಲುಳಿದ ಸಾರನ್ನೂ ಉಂಡು, ಪಾತ್ರೆ ತೊಳೆದು, ಆ ಕ್ಷಣವೇ ಮಲಗುತ್ತಾಳೆ. ಇದನ್ನು ತ್ಯಾಗವೆಂದು ಹೊಗಳಿ ನಾವು ಸುಮ್ಮನಾಗುತ್ತೇವೆ. ಅವಳಿಗೂ ಜಠರವಿಲ್ಲವೆ? ಕಾಲ, ಪ್ರಮಾಣ, ಮನಸ್ಸು ಎಂದು ಮೇಲೆ ಹೇಳಿದ ನಿಯಮಗಳೆಲ್ಲ ಅವಳ ವಿಷಯದಲ್ಲಿ ದಿನವೂ ಮುರಿಯುತ್ತಿವೆ. ಮುರಿಯುವವಳು ಅವಳಲ್ಲ, ನಾವು. ಬೇಯಿಸಿದವಳನ್ನು ಬಿಟ್ಟು ಉಂಡ ಅನ್ನಕ್ಕೆ ಪ್ರಸಾದವೆಂಬ ಹೆಸರು ಹೇಗೆ ಸಲ್ಲುವುದೋ ನಾನರಿಯೆ. ಗಂಡಸರೂ ಮಕ್ಕಳೂ ಬಡಿಸಲು ಕಲಿತು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರೆ ಮನೆಯೇ ದಾಸೋಹದ ಮಂಟಪವಾದೀತು.

ಮನೆಯ ಹೊರಗೂ ಹಸಿದ ಹೊಟ್ಟೆಗಳಿವೆ. ಹಸಿದ ಬಾಲಕನಿಗೆ ವ್ಯಾಕರಣ ಹತ್ತದೆಂಬುದು ಪಾಠ ಹೇಳುವವರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಮಠಗಳು ವಿದ್ಯೆಯ ಜೊತೆಗೆ ಅನ್ನವನ್ನೂ ಇಟ್ಟುದು ಇದೇ ಅರಿವಿನಿಂದ. 2002ರಲ್ಲಿ ನಮ್ಮ ನಾಡಿನ ಸರಕಾರಿ ಶಾಲೆಗಳಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟುದೂ ಆ ಅರಿವಿನ ಫಲವೇ. ನಮ್ಮ ಜಠರದಲ್ಲಿ ನಾವು ಬಿಡಬೇಕಾದ ನಾಲ್ಕನೆಯ ಭಾಗವು ಶಾಸ್ತ್ರದ ಪ್ರಕಾರ ವಾಯುವಿಗೆ ಮೀಸಲು. ಆದರೆ ಅಲ್ಲಿ ಉಳಿದ ಅನ್ನವು ಮತ್ತೊಬ್ಬರ ಎಲೆಗೆ ಮೀಸಲು. ಹೀಗೆ ಒಂದೇ ಮಿತಿಯಿಂದ ಎರಡು ಹೊಟ್ಟೆಗಳು ತಣಿಯುತ್ತವೆ.

ಆದುದರಿಂದ ಸಿದ್ಧಾಂತವಿಷ್ಟು. ಹೊಟ್ಟೆಯು ತಿರಸ್ಕಾರಕ್ಕೂ ಅರ್ಹವಲ್ಲ, ಪೂಜೆಗೂ ಅರ್ಹವಲ್ಲ; ಅದು ನಮ್ಮೊಳಗೆ ನಡೆದಿರುವ ಒಂದು ಕಾಯಕ. ಆ ಕಾಯಕವನ್ನು ನಾವು ಮಾಡಲಾರೆವು, ಕೆಡಿಸಬಲ್ಲೆವು. ಕೆಡಿಸದಿರುವುದೇ ನಮ್ಮ ಪಾಲಿನ ಧರ್ಮ. ತಪ್ಪನ್ನು ಕ್ಷಮಿಸೆಂಬುದಕ್ಕೆ ಕನ್ನಡಿಗರು "ಹೊಟ್ಟೆಗೆ ಹಾಕಿಕೊಳ್ಳಿ" ಎನ್ನುತ್ತಾರೆ. ನಾವು ಕೊಟ್ಟುದೆಲ್ಲವನ್ನೂ ಎದುರಾಡದೆ ಹಾಕಿಕೊಂಡು, ನಮ್ಮ ನಾಲಗೆಯ ತಪ್ಪುಗಳನ್ನು ವರ್ಷಗಟ್ಟಲೆ ಕ್ಷಮಿಸುತ್ತ ಬಂದಿರುವುದು ಈ ಜಠರ. ಸದ್ಭಕ್ತರು ಇಂದಿನ ಊಟದಲ್ಲಿಯೇ, ಮೊದಲ ತುತ್ತನ್ನೆತ್ತುವ ಮುನ್ನ ಕೈಯನ್ನು ಒಂದು ಕ್ಷಣ ತಡೆದು, ಬೇಯಿಸಿದವಳಿಗೆ ಉಳಿದಿದೆಯೇ ಎಂದು ಕೇಳಿ, ಹಸಿವಿಗೆ ತಕ್ಕಷ್ಟನ್ನು ನೀಡಿಸಿಕೊಂಡು, ಸಾವಕಾಶವಾಗಿ ಉಣ್ಣಲಿ. ಉಳಿದುದನ್ನು ಒಳಗಿನ ಅಗ್ನಿಯು ನೋಡಿಕೊಳ್ಳುವುದು.